ಅಂಗಾಲಿನ ಮೆತ್ತೆಯನ್ನು ಉಳಿಸಿಕೊಂಡು ನರಕ್ಕೆ ಮದ್ದು: ಕೋಲಾರದ ಒಂದು ಮಾರ್ಟನ್ ನ್ಯೂರೋಮಾ ಪ್ರಕರಣ

ಕೋಲಾರ ತಾಲ್ಲೂಕಿನ ಹಳ್ಳಿಯೊಂದರ 48 ವರ್ಷದ ರೈತ ಮಹಿಳೆಯೊಬ್ಬರು ಒಂದೂವರೆ ವರ್ಷದಿಂದ ಬಲಪಾದದ ಮುಂಭಾಗದ ನೋವಿನಿಂದ ನರಳುತ್ತಿದ್ದರು. ಅದಕ್ಕೆ ಕಾರಣ ಮಾರ್ಟನ್ ನ್ಯೂರೋಮಾ, ಅಂದರೆ ಕಾಲ್ಬೆರಳುಗಳಿಗೆ ಹೋಗುವ ನರವೊಂದು ಸುತ್ತ ನಾರಿನಂಶ ಬೆಳೆದು ದಪ್ಪಗಾಗುವ ತೊಂದರೆ. ಆ ನೋವಿನ ಮೂಲವನ್ನು ಗುರುತಿಸಿದ ಬಗೆ, ಅಲ್ಟ್ರಾಸೌಂಡ್ ಚಿತ್ರ ನೋಡಿಕೊಂಡು ನರದ ಸುತ್ತ ಕೊಟ್ಟ ಚುಚ್ಚುಮದ್ದು ಮತ್ತು ಅನಂತರದ ಒಂದು ವರ್ಷದಲ್ಲಿ ಕಂಡ ಬೆಳವಣಿಗೆ, ಇಷ್ಟನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಗುರುತು ಹತ್ತಬಹುದಾದ ವಿವರಗಳನ್ನು ಬಿಟ್ಟು, ಅವರ ಒಪ್ಪಿಗೆಯೊಂದಿಗೆ ಬರೆದದ್ದು ಇದು. ಚಿತ್ರ ನೋಡಿಕೊಂಡು ಚುಚ್ಚಿದರೆ ಮದ್ದು ಸರಿಯಾದ ಜಾಗಕ್ಕೆ ತಲುಪುತ್ತದೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ, ಅದು ನಿಜವೂ ಹೌದು. ಆದರೆ ಬರಿಗಾಲಲ್ಲೋ ಸವೆದ ಚಪ್ಪಲಿಯಲ್ಲೋ ದಿನವಿಡೀ ಹೊಲದಲ್ಲಿ ನಿಲ್ಲುವವರ ಪಾದದಲ್ಲಿ ಮದ್ದು ಹೋಗಬಾರದ ಜಾಗಕ್ಕೆ ಹೋಗದಂತೆ ನೋಡಿಕೊಳ್ಳುವುದೇ ಆ ಚಿತ್ರದ ಹೆಚ್ಚಿನ ಉಪಯೋಗ ಎಂಬುದು ನನ್ನ ಅಭಿಪ್ರಾಯ. ಈ ಪ್ರಕರಣವನ್ನು ಇಷ್ಟು ವಿವರವಾಗಿ ಬರೆಯಲು ಅದೇ ಕಾರಣ.

ದೂರು ಮತ್ತು ಹಿನ್ನೆಲೆ

ಆಕೆಗೆ ಒಂದು ಎಕರೆಯಷ್ಟು ಟೊಮ್ಯಾಟೊ ತೋಟವಿದೆ. ಸುಗ್ಗಿಯ ದಿನಗಳಲ್ಲಿ ಅಕ್ಕಪಕ್ಕದ ತೋಟಗಳಿಗೂ ಕೂಲಿಗೆ ಹೋಗುತ್ತಾರೆ. ಕೋಲಿಗೆ ಕಟ್ಟಿ ಬೆಳೆಸಿದ ಗಿಡಗಳ ಬುಡದಲ್ಲಿರುವ ಹಣ್ಣನ್ನು ಕೀಳಲು ಕುಕ್ಕರಗಾಲಲ್ಲಿ ಕೂತು, ಹಿಮ್ಮಡಿಯನ್ನು ನೆಲದಿಂದ ಎತ್ತಿ, ಇಡೀ ಮೈಭಾರವನ್ನು ಬೆರಳುಗಳ ಬುಡದ ಮೇಲೆ ಹಾಕಿ ಸಾಲಿನುದ್ದಕ್ಕೂ ಸರಿಯುತ್ತಾ ಹೋಗಬೇಕು. ಕಿತ್ತ ಹಣ್ಣು ತುಂಬಿದ, ಮಾರುಕಟ್ಟೆಯ ಲೆಕ್ಕದಲ್ಲಿ 15 ಕೆ.ಜಿ. ಹಿಡಿಯುವ ಕ್ರೇಟುಗಳನ್ನು ಬದುವಿನವರೆಗೆ ಹೊರುವುದೂ ಅವರದೇ ಕೆಲಸ. ನೋವನ್ನು ಅವರು ವಿವರಿಸಿದ ರೀತಿಯಲ್ಲಿಯೇ ಅರ್ಧ ರೋಗನಿರ್ಣಯವಿತ್ತು: “ಚಪ್ಪಲಿ ಒಳಗೆ ಕಡಲೆಕಾಳು ಸಿಕ್ಕಾಕ್ಕೊಂಡಂಗೆ ಆಯ್ತದೆ ಸಾರ್. ಬಿಚ್ಚಿ ಒದರಿದ್ರೆ ಏನೂ ಇರಲ್ಲ. ಇನ್ನೊಂದು ಸಲ ಕಾಲಿಟ್ರೆ ಬೆರಳಿಗೆ ಕರೆಂಟು ಹೊಡ್ದಂಗೆ ಹೋಗ್ತದೆ.”

ನೋವು ಮೂರನೆಯ ಮತ್ತು ನಾಲ್ಕನೆಯ ಬೆರಳಿನ ನಡುವಿನ ಸಂದಿನಿಂದ ಹೊರಟು ಆ ಎರಡು ಬೆರಳುಗಳ ಒಂದಕ್ಕೊಂದು ತಾಗುವ ಬದಿಗಳಿಗೆ ಹರಡುತ್ತಿತ್ತು. ಕೂತು, ಚಪ್ಪಲಿ ಕಳಚಿ, ಕೈಯಿಂದ ತಿಕ್ಕಿಕೊಂಡರೆ ಕೆಲವೇ ನಿಮಿಷಗಳಲ್ಲಿ ಇಳಿಯುತ್ತಿತ್ತು. ರಾತ್ರಿ ಮಲಗಿದಾಗ ನೋವಿರಲಿಲ್ಲ. ಎಡಪಾದದಲ್ಲಿ ಏನೂ ಇರಲಿಲ್ಲ.

ಆರು ವರ್ಷಗಳಿಂದ ಸಕ್ಕರೆ ಕಾಯಿಲೆ ಇದ್ದು ಮೆಟ್‌ಫಾರ್ಮಿನ್ ಸೇವಿಸುತ್ತಿದ್ದ ಕಾರಣ, ಈ ನೋವನ್ನು ಬೇರೆಡೆ ‘ಶುಗರ್ ನರದ ನೋವು’ ಎಂದು ಪರಿಗಣಿಸಿ ಸುಮಾರು ಒಂದು ವರ್ಷ ಪ್ರಿಗ್ಯಾಬಲಿನ್ ಮತ್ತು ಮೀಥೈಲ್‌ಕೋಬಾಲಮಿನ್ ಮಾತ್ರೆಗಳನ್ನು ಕೊಡಲಾಗಿತ್ತು. ಮಂಪರು ಬಂತೇ ಹೊರತು ನೋವು ಇಳಿಯಲಿಲ್ಲ. ಈ ಊಹೆ ತೀರಾ ಅಸಹಜವಾದುದೇನಲ್ಲ. ಹೊರರೋಗಿ ವಿಭಾಗದಲ್ಲಿ ಸಕ್ಕರೆ ಕಾಯಿಲೆ ಇರುವವರ ಕಾಲುರಿಗೆ ಹತ್ತರಲ್ಲಿ ಒಂಬತ್ತು ಸಲ ಮೊದಲು ಮನಸ್ಸಿಗೆ ಬರುವುದು ಅದೇ. ಆದರೆ ಸಕ್ಕರೆಯಿಂದ ಹಾಳಾಗುವ ನರಗಳ ನೋವು ಸಾಮಾನ್ಯವಾಗಿ ಎರಡೂ ಪಾದಗಳಲ್ಲಿ ಬೆರಳ ತುದಿಯಿಂದ ಆರಂಭವಾಗಿ ಕಾಲುಚೀಲದ ಆಕಾರದಲ್ಲಿ ಮೇಲಕ್ಕೆ ಏರುತ್ತದೆ, ರಾತ್ರಿ ವಿಶ್ರಾಂತಿಯಲ್ಲಿ ಹೆಚ್ಚುತ್ತದೆ. ಒಂದೇ ಪಾದದ ಒಂದೇ ಸಂದಿನಲ್ಲಿ, ಭಾರ ಹಾಕಿದಾಗ ಮಾತ್ರ ಬಂದು, ಚಪ್ಪಲಿ ಕಳಚಿದರೆ ಹೋಗುವ ನೋವನ್ನು ಅದರ ಲೆಕ್ಕಕ್ಕೆ ಸೇರಿಸಲು ಬರುವುದಿಲ್ಲ. ಸಕ್ಕರೆ ಇದ್ದವರಿಗೆ ಬೇರೆ ಕಾಯಿಲೆಯೂ ಬರಬಹುದು ಎಂಬ ಸರಳ ವಿಷಯವನ್ನು ಕಾಲಿನ ವಿಚಾರದಲ್ಲಿ ನಾವು ಮತ್ತೆ ಮತ್ತೆ ನೆನಪಿಸಿಕೊಳ್ಳಬೇಕಾಗುತ್ತದೆ.

ಕೈಯಿಂದ ಮಾಡಿದ ಪರೀಕ್ಷೆ

ಹಾಸಿಗೆಯ ಮೇಲೆ ಮಲಗಿಸಿ, ಪಾದವನ್ನು ಎರಡೂ ಪಕ್ಕಗಳಿಂದ ಒತ್ತಿ ಹಿಡಿದು, ಇನ್ನೊಂದು ಕೈಯ ಹೆಬ್ಬೆರಳಿನಿಂದ ಮೂರನೆಯ ಸಂದನ್ನು (ಮೂರು ಮತ್ತು ನಾಲ್ಕನೆಯ ಬೆರಳುಗಳ ನಡುವಿನದನ್ನು) ಅಂಗಾಲಿನ ಕಡೆಯಿಂದ ಮೇಲಕ್ಕೆ ಒತ್ತಿದಾಗ ಒಳಗೆ ಏನೋ ಜಾರಿ ‘ಟಕ್’ ಎಂದ ಅನುಭವ ನನ್ನ ಬೆರಳಿಗೆ ಆಯಿತು. ಅದೇ ಕ್ಷಣದಲ್ಲಿ ಆಕೆಗೆ ತಮ್ಮ ಪರಿಚಿತ ನೋವು ಬೆರಳುಗಳಿಗೆ ಹರಿಯಿತು. ಈ ಪರೀಕ್ಷೆಯನ್ನು 1951ರಲ್ಲಿ ವಿವರಿಸಿದ ಮುಲ್ಡರ್ ಎಂಬ ಡಚ್ ವೈದ್ಯರ ಹೆಸರಿನಿಂದಲೇ ಇಂದಿಗೂ ಕರೆಯುತ್ತಾರೆ. ಶಬ್ದ ಮಾತ್ರ ಬಂದು ನೋವು ಬರದಿದ್ದರೆ ಅದಕ್ಕೆ ಹೆಚ್ಚು ಬೆಲೆ ಕೊಡಬಾರದು. ಏನೂ ತೊಂದರೆಯಿಲ್ಲದ ಪಾದಗಳಲ್ಲಿಯೂ ಆ ಶಬ್ದ ಕೇಳಿಸುವುದುಂಟು.

ಬೇರೆ ಕಾರಣಗಳನ್ನು ಒಂದೊಂದಾಗಿ ಪಕ್ಕಕ್ಕಿಡಬೇಕಿತ್ತು. ಎರಡನೆಯ ಬೆರಳಿನ ಬುಡದ ಕೀಲನ್ನು ಮೇಲೆ ಕೆಳಗೆ ಎಳೆದು ನೋಡಿದಾಗ ಅದು ಭದ್ರವಾಗಿತ್ತು, ಆದ್ದರಿಂದ ಕೀಲಿನ ತಳದ ಪದರ ಹರಿದಿರುವ ಸಾಧ್ಯತೆ ಕಡಿಮೆಯಿತ್ತು. ಪಾದದ ಉದ್ದ ಮೂಳೆಗಳ ಮೇಲೆ ಒತ್ತಿದಾಗ ನೋವಿರಲಿಲ್ಲ, ಎಕ್ಸ್-ರೇಯಲ್ಲಿ ಸೀಳೂ ಕಾಣಲಿಲ್ಲ. ಬೆಳಗಿನ ಬಿಗಿತ, ಕೈಬೆರಳುಗಳ ಊತ ಇರಲಿಲ್ಲ. 10 ಗ್ರಾಂ ಒತ್ತಡಕ್ಕೆ ಬಾಗುವ ಮಾನೋಫಿಲಮೆಂಟ್ ಎಂಬ ನೈಲಾನ್ ಎಳೆಯ ಸ್ಪರ್ಶವನ್ನೂ 128 ಹರ್ಟ್ಸ್ ಶ್ರುತಿಕವಲಿನ ಕಂಪನವನ್ನೂ ಎರಡೂ ಪಾದಗಳಲ್ಲಿ ಸರಿಯಾಗಿ ಗುರುತಿಸಿದರು. ಮೂರು ಮತ್ತು ನಾಲ್ಕನೆಯ ಬೆರಳುಗಳ ನಡುವಿನ ಚರ್ಮದಲ್ಲಿ ಮಾತ್ರ ಸ್ಪರ್ಶ ಸ್ವಲ್ಪ ಮಂದವಾಗಿತ್ತು. ಕುಷ್ಠರೋಗದ ಮಚ್ಚೆ ಇದೆಯೇ, ಕಣಕಾಲಿನ ಒಳಗಂಟಿನ ಹಿಂದೆ ಹಾದುಹೋಗುವ ನರ ದಪ್ಪಗಾಗಿದೆಯೇ ಎಂಬುದನ್ನೂ ನೋಡಿದೆವು. ನಮ್ಮ ಕಡೆ ಕಾಲಿನ ನರದ ಯಾವ ದೂರಿನಲ್ಲೂ ಇದನ್ನು ಬಿಡಬಾರದು. ಕುಡಿಯುವ ನೀರಿನ ಫ್ಲೋರೈಡಿನಿಂದ ಇದು ಬಂದಿರಬಹುದೇ ಎಂದು ಜೊತೆಗೆ ಬಂದಿದ್ದ ಸೊಸೆ ಕೇಳಿದರು. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಆ ಪ್ರಶ್ನೆ ಸಹಜ. ಆದರೆ ಫ್ಲೋರೈಡಿನ ತೊಂದರೆ ಬೆನ್ನು ಮತ್ತು ದೊಡ್ಡ ಕೀಲುಗಳ ಬಿಗಿತವಾಗಿ ಕಾಣಿಸಿಕೊಳ್ಳುತ್ತದೆಯೇ ಹೊರತು ಒಂದು ಬೆರಳಸಂದಿನ ಮಿಂಚಿನಂಥ ನೋವಾಗಿ ಅಲ್ಲವೆಂದು ತಿಳಿಸಿದೆ.

ಇನ್ನೊಂದು ಸಂಗತಿ ಆಗ ಚಿಕ್ಕದೆನಿಸಿದರೂ ಮುಂದೆ ಮುಖ್ಯವಾಯಿತು. ನೋವಿದ್ದ ಅದೇ ಸಂದಿನ ಚರ್ಮ ಬೆಳ್ಳಗೆ ನೆನೆದು ಬಿರಿದು ಕೆಸರುಹುಣ್ಣಾಗಿತ್ತು.

ಒಳಗೆ ಆಗಿರುವುದೇನು

ಪಾದದ ಐದು ಉದ್ದ ಮೂಳೆಗಳ ತಲೆಗಳನ್ನು ಒಂದು ಅಡ್ಡ ಪಟ್ಟಿಯಂಥ ಲಿಗಮೆಂಟ್ ಒಟ್ಟಿಗೆ ಹಿಡಿದಿಡುತ್ತದೆ. ಬೆರಳುಗಳಿಗೆ ಹೋಗುವ ನರ ಈ ಪಟ್ಟಿಯ ಕೆಳಗೆ, ಅಂದರೆ ಅಂಗಾಲಿನ ಬದಿಯಲ್ಲಿ ಹಾದುಹೋಗುತ್ತದೆ. ಪಟ್ಟಿಯ ಮೇಲ್ಬದಿಯಲ್ಲಿ ಎರಡು ಮೂಳೆತಲೆಗಳ ನಡುವೆ ಬರ್ಸಾ ಎಂಬ ತೆಳುವಾದ ದ್ರವದ ಚೀಲವಿರುತ್ತದೆ. ಹಿಮ್ಮಡಿ ಎತ್ತಿ ಬೆರಳುಗಳನ್ನು ಹಿಂದಕ್ಕೆ ಬಾಗಿಸಿದಾಗಲೆಲ್ಲ ನರ ಹಿಗ್ಗಿ ಆ ಪಟ್ಟಿಯ ಅಂಚಿಗೆ ಒತ್ತಿಕೊಳ್ಳುತ್ತದೆ. ಇದು ವರ್ಷಗಟ್ಟಲೆ ನಡೆದಾಗ ನರದ ಸುತ್ತ ನಾರಿನಂಶ ಬೆಳೆದು ಅದು ದಪ್ಪಗಾಗುತ್ತದೆ. ಇದು ಕ್ಯಾನ್ಸರ್ ಅಲ್ಲ, ಗೆಡ್ಡೆಯೂ ಅಲ್ಲ. ವರದಿಯಲ್ಲಿ ‘ನ್ಯೂರೋಮಾ’ ಎಂದು ಕಂಡು ಗಾಬರಿಯಾಗಿದ್ದ ಮನೆಯವರಿಗೆ ಇದನ್ನು ಮೊದಲು ಹೇಳಬೇಕಾಯಿತು. ಮೂರನೆಯ ಸಂದಿನಲ್ಲಿಯೇ ಇದು ಹೆಚ್ಚಾಗಿ ಕಾಣುತ್ತದೆ. ಅಂಗಾಲಿನ ಒಳ ಮತ್ತು ಹೊರ ನರಗಳೆರಡರ ಕವಲುಗಳೂ ಅಲ್ಲಿ ಸೇರುವುದರಿಂದ ಆ ನರ ಹೆಚ್ಚು ದಪ್ಪವಿದ್ದು, ಸರಿದಾಡಲು ಅವಕಾಶ ಕಡಿಮೆ ಎಂಬುದು ಅದಕ್ಕೆ ಕೊಡುವ ವಿವರಣೆಗಳಲ್ಲಿ ಒಂದು.

ಇಟಲಿಯ ಚಿವಿನಿನಿ 1835ರಲ್ಲಿ ಶವಪರೀಕ್ಷೆಯಲ್ಲಿ ಈ ಉಬ್ಬನ್ನು ಕಂಡು ಬರೆದರು, 1845ರಲ್ಲಿ ಲಂಡನ್ನಿನ ಪಾದಚಿಕಿತ್ಸಕ ಡರ್ಲಾಕರ್ ರೋಗಲಕ್ಷಣಗಳನ್ನು ವಿವರಿಸಿದರು. ಹೆಸರು ಮಾತ್ರ 1876ರಲ್ಲಿ ಬರೆದ ಫಿಲಡೆಲ್ಫಿಯಾದ ಥಾಮಸ್ ಮಾರ್ಟನ್ ಅವರಿಗೆ ಸಂದಿತು. ಅವರು ಕೀಲನ್ನೇ ತೆಗೆದುಹಾಕುವ ಚಿಕಿತ್ಸೆಯನ್ನು ಸೂಚಿಸಿದ್ದರು. ಪಾಶ್ಚಾತ್ಯ ಬರಹಗಳಲ್ಲಿ ಇದರ ಕಾರಣವಾಗಿ ಮೊನಚು ಮುಂಭಾಗದ, ಎತ್ತರದ ಹಿಮ್ಮಡಿಯ ಬೂಟುಗಳ ಹೆಸರು ಬರುತ್ತದೆ. ಅಂಥ ಪಾದರಕ್ಷೆಯನ್ನು ಎಂದೂ ಹಾಕದ ನಮ್ಮ ರೋಗಿಗೆ ಕುಕ್ಕರಗಾಲಿನ ದುಡಿಮೆಯೇ ಆ ಎತ್ತರದ ಹಿಮ್ಮಡಿಯ ಕೆಲಸವನ್ನು ಮಾಡಿತ್ತು ಎಂದು ನಾನು ಭಾವಿಸುತ್ತೇನೆ. ಎರಡರಲ್ಲೂ ಬೆರಳುಗಳು ಹಿಂದಕ್ಕೆ ಬಾಗುತ್ತವೆ, ಭಾರ ಮುಂಗಾಲಿಗೆ ಬೀಳುತ್ತದೆ.

ಚಿತ್ರದಲ್ಲಿ ಕಂಡದ್ದು

ಅಲ್ಟ್ರಾಸೌಂಡ್ ಪರೀಕ್ಷೆಯಲ್ಲಿ ಮೂರನೆಯ ಸಂದಿನಲ್ಲಿ, ಮೂಳೆತಲೆಗಳ ಮಟ್ಟದಲ್ಲಿ, ಸುತ್ತಲಿನ ಕೊಬ್ಬಿಗಿಂತ ಕಪ್ಪಾಗಿ ಕಾಣುವ, ಅಂಡಾಕಾರದ, 6 ಮಿ.ಮೀ. ಅಗಲದ ಉಬ್ಬು ಕಂಡಿತು. ಪಾದವನ್ನು ಪಕ್ಕಗಳಿಂದ ಒತ್ತಿದಾಗ ಅದು ಮೂಳೆಗಳ ನಡುವಿನಿಂದ ಅಂಗಾಲಿನ ಕಡೆಗೆ ಜಾರುವುದನ್ನು ಪರದೆಯ ಮೇಲೆ ನೋಡಬಹುದಿತ್ತು. ಮೇಲಿದ್ದ ಬರ್ಸಾ ಚೀಲದಲ್ಲಿ ಸ್ವಲ್ಪ ದ್ರವವೂ ಇತ್ತು. ದಪ್ಪ ಚರ್ಮದ ಅಂಗಾಲಿನಿಂದ ಅಲೆಗಳು ಸರಿಯಾಗಿ ಒಳಹೋಗುವುದಿಲ್ಲ. ದಿನವೂ ಹೊಲದಲ್ಲಿ ನಡೆಯುವವರ ಪಾದದಲ್ಲಿ ಈ ತೊಂದರೆ ಹೆಚ್ಚು. ಆದ್ದರಿಂದ ಅಲೆಗಳನ್ನು ಕಳಿಸಿ ಚಿತ್ರ ಹಿಡಿಯುವ ಪ್ರೋಬನ್ನು ಪಾದದ ಮೇಲ್ಭಾಗದಲ್ಲಿಟ್ಟು, ಕೆಳಗಿನಿಂದ ಬೆರಳಿನಲ್ಲಿ ಒತ್ತಿ ನರವನ್ನು ಪ್ರೋಬಿನ ಹತ್ತಿರಕ್ಕೆ ತಂದು ನೋಡಿದೆವು. ಎಂಆರ್‌ಐ ಮಾಡಿಸಲಿಲ್ಲ. ಈ ಕಾಯಿಲೆಯನ್ನು ಪತ್ತೆ ಹಚ್ಚುವುದರಲ್ಲಿ, ಅನುಭವವುಳ್ಳವರ ಕೈಯಲ್ಲಿ, ಎರಡೂ ಪರೀಕ್ಷೆಗಳು ಹೆಚ್ಚು ಕಡಿಮೆ ಸಮಾನ. ಅನುಮಾನ ಉಳಿದಾಗ, ಅಥವಾ ಮೂಳೆಯ ಒಳಗಿನ ತೊಂದರೆಯ ಶಂಕೆ ಇದ್ದಾಗ ಎಂಆರ್‌ಐ ಬೇಕಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಯಾವ ನೋವೂ ಇಲ್ಲದವರ ಪಾದದ ಎಂಆರ್‌ಐ ಚಿತ್ರಗಳಲ್ಲಿಯೂ ಸುಮಾರು ಮೂರರಲ್ಲಿ ಒಬ್ಬರಿಗೆ ಇಂಥ ಉಬ್ಬು ಕಾಣಿಸಿದ್ದನ್ನು 2000ನೇ ಇಸವಿಯಲ್ಲೇ ಅಧ್ಯಯನವೊಂದು ತೋರಿಸಿದೆ. ಚಿತ್ರದಲ್ಲಿ ಉಬ್ಬು ಕಂಡ ಮಾತ್ರಕ್ಕೆ ಸೂಜಿ ಹಿಡಿಯುವಂತಿಲ್ಲ. ಈ ರೋಗಿಯ ಮಟ್ಟಿಗೆ ನೋವಿನ ಜಾಗ, ಕೈಯ ಪರೀಕ್ಷೆ, ಮಂದವಾದ ಸ್ಪರ್ಶ ಮತ್ತು ಚಿತ್ರ ನಾಲ್ಕೂ ಒಂದೇ ಸಂದನ್ನು ತೋರಿಸಿದವು; ಅಷ್ಟು ಹೊಂದಾಣಿಕೆ ಇಲ್ಲದಿದ್ದರೆ ನಾನು ಚುಚ್ಚುಮದ್ದಿನ ಮಾತೆತ್ತುತ್ತಿರಲಿಲ್ಲ.

ಮೊದಲ ಹಂತ

ಆರು ವಾರ ಚುಚ್ಚುಮದ್ದಿಲ್ಲದೆ ನೋಡಿದೆವು. ಅಗಲವಾದ ಮುಂಭಾಗದ ಎಂಸಿಆರ್ (ಮೆತ್ತನೆಯ ರಬ್ಬರಿನ) ಚಪ್ಪಲಿ, ಅದರೊಳಗೆ ಮೂಳೆತಲೆಗಳ ಅಡಿಗಲ್ಲ, ಅವುಗಳ ತುಸು ಹಿಂದೆ ಕೂರುವಂತೆ ಅಂಟಿಸಿದ ಮೆಟಾಟಾರ್ಸಲ್ ಪ್ಯಾಡ್ ಎಂಬ ಪುಟ್ಟ ದಿಂಬು, ಮೀನಖಂಡವನ್ನು ಹಿಗ್ಗಿಸುವ ವ್ಯಾಯಾಮ. ಈ ಪ್ಯಾಡನ್ನು ನೋಯುವ ಜಾಗದ ಕೆಳಗೇ ಅಂಟಿಸಿಕೊಂಡು ಬರುವವರು ಬಹಳ; ಹಾಗೆ ಮಾಡಿದರೆ ನೋವು ಹೆಚ್ಚುತ್ತದೆ. ಹತ್ತರ ಅಳತೆಯಲ್ಲಿ ಎಂಟಿದ್ದ ನೋವು ಆರಕ್ಕೆ ಇಳಿಯಿತು. ಅಷ್ಟರಲ್ಲಿ ಹಣ್ಣು ಕೀಳುವ ಕಾಲ ಬಂದಿತ್ತು, ಅವರಿಗೆ ಅಷ್ಟು ಸಾಲದಾಯಿತು.

ಯಾವ ಮದ್ದು ಎಂಬುದರ ಬಗ್ಗೆ ಅವರೊಡನೆ ಮತ್ತು ಸೊಸೆಯೊಡನೆ ವಿವರವಾಗಿ ಮಾತಾಡಿದೆ. ಎಡಿನ್‌ಬರೋದ ತಂಡವೊಂದು 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 131 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮತ್ತು ಮರಗಟ್ಟಿಸುವ ಮದ್ದನ್ನೂ ಇನ್ನೊಂದಕ್ಕೆ ಮರಗಟ್ಟಿಸುವ ಮದ್ದನ್ನು ಮಾತ್ರವೂ ಅಲ್ಟ್ರಾಸೌಂಡ್ ನೋಡಿಕೊಂಡು ಕೊಟ್ಟಿದ್ದರು. ಮೂರು ತಿಂಗಳ ಹೊತ್ತಿಗೆ ಸ್ಟೀರಾಯ್ಡ್ ಪಡೆದವರ ಪಾದದ ಸ್ಥಿತಿ ಉತ್ತಮವಾಗಿತ್ತು. ಹಾಗೆಂದು ಅದು ಶಾಶ್ವತ ಪರಿಹಾರವಲ್ಲ. 2012ರ ಮತ್ತೊಂದು ಅಧ್ಯಯನದಲ್ಲಿ 5 ಮಿ.ಮೀ.ಗಿಂತ ದೊಡ್ಡ ಉಬ್ಬುಗಳಲ್ಲಿ ಆರು ತಿಂಗಳ ಹೊತ್ತಿಗೇ ಲಾಭ ಉಳಿದಿರಲಿಲ್ಲ. ಎಡಿನ್‌ಬರೋದವರಿಗೆ ಗಾತ್ರ ಅಷ್ಟು ವ್ಯತ್ಯಾಸ ಮಾಡಿದಂತೆ ಕಾಣಲಿಲ್ಲ. ನಮ್ಮ ರೋಗಿಯ 6 ಮಿ.ಮೀ. ಈ ವಿವಾದದ ನಡುವೆಯೇ ಬರುತ್ತದೆ. ಆದ್ದರಿಂದ “ಕೆಲವು ತಿಂಗಳು ಹಗುರಾಗಬಹುದು ಅಮ್ಮ, ಆಮೇಲೆ ಮರಳಿ ಬರಲೂಬಹುದು” ಎಂದು ಮೊದಲೇ ಹೇಳಿದೆ. ನರವನ್ನು ಒಣಗಿಸುವ ಆಲ್ಕೋಹಾಲ್ ಚುಚ್ಚುಮದ್ದಿನ ಬಗ್ಗೆಯೂ ತಿಳಿಸಿದೆ. 2007ರಲ್ಲಿ 101 ಮಂದಿಯ ವರದಿಯೊಂದು ಅದರಿಂದ ಬಹಳ ಒಳ್ಳೆಯ ಫಲ ಬಂದಿದೆ ಎಂದಿತ್ತು, ಆದರೆ ಅದೇ ಗುಂಪಿನ ಕೆಲವರನ್ನು ಐದು ವರ್ಷಗಳ ಅನಂತರ ನೋಡಿದಾಗ ಪೂರ್ತಿ ನೋವಿಲ್ಲದವರು ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆ ಇದ್ದರು. ಹಲವು ಸಲ ಚುಚ್ಚಿಸಿಕೊಳ್ಳಬೇಕಾದ, ಸಕ್ಕರೆ ಕಾಯಿಲೆಯ ಪಾದದಲ್ಲಿ ನರವನ್ನು ಬೇಕೆಂದೇ ಹಾಳುಮಾಡುವ ಆ ದಾರಿ ಇವರಿಗೆ ಬೇಡವೆನಿಸಿತು.

ಚಿತ್ರದ ಸಹಾಯ ಏಕೆ ಬೇಕಾಯಿತು

2016ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗವೊಂದು ಅಲ್ಟ್ರಾಸೌಂಡ್ ನೋಡಿಕೊಂಡು ಚುಚ್ಚಿದವರನ್ನೂ ಅಂಗರಚನೆಯ ಗುರುತಿನ ಮೇಲೆ ಕೈಯಂದಾಜಿನಲ್ಲಿ ಚುಚ್ಚಿದವರನ್ನೂ ಹೋಲಿಸಿ, ಒಂದು ವರ್ಷದ ಹೊತ್ತಿಗೆ ನೋವಿನಲ್ಲಿ ಸ್ಪಷ್ಟ ವ್ಯತ್ಯಾಸ ಕಾಣದೆಂದು ಹೇಳಿದೆ. ಅದು ಪಳಗಿದ ತಜ್ಞರ ಕೈಯ ಫಲಿತಾಂಶ. ನೋವು ಕಡಿಮೆ ಮಾಡುವುದೊಂದೇ ಅಳತೆಗೋಲಾದರೆ ಯಂತ್ರದ ಅಗತ್ಯವನ್ನು ಪ್ರಶ್ನಿಸಬಹುದು, ಯಂತ್ರವಿಲ್ಲದ ತಾಲ್ಲೂಕು ಆಸ್ಪತ್ರೆಯ ಮೂಳೆವೈದ್ಯರು ಎಚ್ಚರದಿಂದ ಚುಚ್ಚುವುದನ್ನು ನಾನು ತಪ್ಪೆನ್ನುವುದಿಲ್ಲ.

ಆದರೆ ಸ್ಟೀರಾಯ್ಡ್ ಮದ್ದು ನರದಿಂದ ಕೆಲವೇ ಮಿಲಿಮೀಟರು ಕೆಳಗೆ ಇಳಿದರೆ ಅಂಗಾಲಿನ ಕೊಬ್ಬಿನ ಮೆತ್ತೆಯನ್ನು ತಲುಪುತ್ತದೆ. ಅಲ್ಲಿ ಅದು ಕೊಬ್ಬನ್ನು ಕರಗಿಸಿ ತೆಳ್ಳಗಾಗಿಸಬಲ್ಲದು, ಚರ್ಮದ ಬಣ್ಣವನ್ನೂ ಕೆಡಿಸಬಲ್ಲದು; ಪಕ್ಕದ ಕೀಲಿನ ಪದರಕ್ಕೆ ಹೋದರೆ ಅದನ್ನು ದುರ್ಬಲಗೊಳಿಸಿ ಬೆರಳು ಓರೆಯಾಗುವಂತೆ ಮಾಡಬಲ್ಲದು. ಮೂಳೆತಲೆಗೂ ನೆಲಕ್ಕೂ ನಡುವೆ ಇರುವುದು ಆ ಮೆತ್ತೆಯೊಂದೇ. ಅದು ಕರಗಿದರೆ ಮತ್ತೆ ತುಂಬಿಕೊಡುವ ನೆಚ್ಚಿಕೆಯ ಚಿಕಿತ್ಸೆ ನಮ್ಮ ಬಳಿ ಇಲ್ಲ. ದಪ್ಪ ತಳದ ಬೂಟು ಹಾಕಿ ಕಚೇರಿಯ ನುಣುಪು ನೆಲದ ಮೇಲೆ ನಡೆಯುವವರು ಆ ನಷ್ಟವನ್ನು ಹೇಗೋ ತಾಳಿಕೊಳ್ಳಬಹುದು. ಗಟ್ಟಿ ಹೆಂಟೆಯ ಮೇಲೆ, ಕಲ್ಲು ಮುಳ್ಳಿನ ಬದುವಿನ ಮೇಲೆ ತಲೆಹೊರೆಯೊಡನೆ ನಡೆಯುವ, ಮೇಲಾಗಿ ಸಕ್ಕರೆ ಕಾಯಿಲೆಯೂ ಇರುವ ಹೆಂಗಸಿಗೆ ಅದರಿಂದ ಮುಂದೆ ಅಂಗಾಲಿನ ಹುಣ್ಣೇ ಬರಬಹುದು. ಹಿಮ್ಮಡಿಗೆ ಬೇರೆಡೆ ಕುರುಡಾಗಿ ಮೇಲಿಂದ ಮೇಲೆ ಚುಚ್ಚಿಸಿಕೊಂಡು, ಮೆತ್ತೆ ಕರಗಿ, ಮನೆಯೊಳಗೂ ಬರಿಗಾಲಲ್ಲಿ ನಿಲ್ಲಲಾರದೆ ಬಂದವರನ್ನು ನೋಡಿದ ಮೇಲೆ ಈ ವಿಷಯದಲ್ಲಿ ನಾನು ರಾಜಿಯಾಗಲಾರೆ. ನೋವಿನ ಅಂಕಿಗಳಲ್ಲಿ ಈ ಅಪಾಯ ಲೆಕ್ಕಕ್ಕೆ ಬರುವುದಿಲ್ಲ, ಆದರೆ ಚುಚ್ಚಿಸಿಕೊಳ್ಳುವವರು ಯಾರು, ಎಂಥ ನೆಲದ ಮೇಲೆ ನಡೆಯುವವರು ಎಂಬುದು ಲೆಕ್ಕಕ್ಕೆ ಬರಲೇಬೇಕು.

ಚುಚ್ಚುಮದ್ದಿನ ದಿನ

ಮೊದಲು ಗೊತ್ತುಮಾಡಿದ ದಿನ ಚುಚ್ಚಲಿಲ್ಲ. ಸೂಜಿ ಒಳಹೋಗಬೇಕಾದುದು ಮೂರು ಮತ್ತು ನಾಲ್ಕನೆಯ ಬೆರಳ ಸಂದಿನ ಚರ್ಮದ ಮೂಲಕ. ತೋಟದ ಕೆಸರಿನಲ್ಲಿ ನಿಂತದ್ದರಿಂದ ಅಲ್ಲಿನ ಹುಣ್ಣು ಪೂರ್ತಿ ಆರಿರಲಿಲ್ಲ. ಅಂಥ ಚರ್ಮದ ಮೂಲಕ ಸ್ಟೀರಾಯ್ಡ್ ಕೊಡುವುದೆಂದರೆ ಸೋಂಕನ್ನು ಒಳಗೆ ಕಳಿಸಿ ಮೈಯ ಪ್ರತಿರೋಧವನ್ನೂ ಅದೇ ಜಾಗದಲ್ಲಿ ತಗ್ಗಿಸಿದಂತೆ. ಕ್ಲೋಟ್ರಿಮಜೋಲ್ ಮುಲಾಮು ಹಚ್ಚಿ, ಬೆರಳ ಸಂದುಗಳನ್ನು ಒರೆಸಿ ಒಣಗಿಸಿಕೊಂಡು ಎರಡು ವಾರ ಬಿಟ್ಟು ಬರುವಂತೆ ಹೇಳಿದೆ. ಕೂಲಿ ಬಿಟ್ಟು ಬಸ್ಸಿನಲ್ಲಿ ಬಂದವರನ್ನು ವಾಪಸು ಕಳಿಸುವುದು ಸುಲಭವಲ್ಲ, ಆದರೂ ಅದು ಅಗತ್ಯವಾಗಿತ್ತು. ಹಿಂದಿನ ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ ಶೇ. 7.6 ಇತ್ತು, ಎರಡನೆಯ ಸಲ ಬಂದ ಬೆಳಗ್ಗೆ ಖಾಲಿಹೊಟ್ಟೆಯ ಸಕ್ಕರೆ 132 ಇತ್ತು. ರಕ್ತ ತೆಳುಗೊಳಿಸುವ ಮಾತ್ರೆ ತೆಗೆದುಕೊಳ್ಳುತ್ತಿರಲಿಲ್ಲ, ಯಾವ ಮದ್ದಿಗೂ ಅಲರ್ಜಿ ಇರಲಿಲ್ಲ.

ಕೆಲಸ ನಡೆದದ್ದು ರೇಡಿಯಾಲಜಿ ವಿಭಾಗದ ಸ್ಕ್ಯಾನಿಂಗ್ ಕೋಣೆಯಲ್ಲಿ. ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಕಾಯ್ದೆಯಡಿ ನೋಂದಣಿಯಾದ ಯಂತ್ರವನ್ನು ಬೇಕಾದ ಕೋಣೆಗೆ ತಳ್ಳಿಕೊಂಡು ಹೋಗುವ ರೂಢಿ ನಮ್ಮಲ್ಲಿಲ್ಲ, ಇರಲೂಬಾರದು. ಹಾಗಾಗಿ ರೇಡಿಯಾಲಜಿಸ್ಟ್ ಸಹೋದ್ಯೋಗಿಯೊಡನೆ ಸಮಯ ಹೊಂದಿಸಿಕೊಂಡೆವು.

ಆಕೆಯನ್ನು ಅಂಗಾತ ಮಲಗಿಸಿ, ಪಾದವನ್ನು ಕ್ಲೋರ್‌ಹೆಕ್ಸಿಡಿನ್ ದ್ರಾವಣದಿಂದ ಶುಚಿಗೊಳಿಸಿ, ಪ್ರೋಬಿಗೆ ಸ್ಟೆರೈಲ್ ಕವಚ ತೊಡಿಸಿದೆವು. ಪ್ರೋಬನ್ನು ಪಾದದ ಮೇಲೆ ಮೂಳೆಗಳ ಉದ್ದಕ್ಕೆ ಸಮನಾಗಿ ಸಂದಿನ ಮೇಲಿಟ್ಟು, 25 ಗೇಜಿನ ಸೂಜಿಯನ್ನು ಬೆರಳ ಸಂದಿನಿಂದ ಹಿಮ್ಮಡಿಯ ದಿಕ್ಕಿಗೆ ನಡೆಸಿದಾಗ ತುದಿಯಿಂದ ಬುಡದವರೆಗೆ ಸೂಜಿ ಪರದೆಯ ಮೇಲೆ ಗೆರೆಯಾಗಿ ಕಾಣುತ್ತಿತ್ತು. ಪಾದದ ಮೇಲಿನಿಂದ ನೇರವಾಗಿ ಕೆಳಕ್ಕೆ ಚುಚ್ಚುವ ದಾರಿಯೂ ಇದೆ, ಅದು ಹೆಚ್ಚು ಬಳಕೆಯಲ್ಲಿದೆ. ಆದರೆ ಅದರಲ್ಲಿ ಸೂಜಿ ಎಷ್ಟು ಆಳಕ್ಕೆ ಹೋಯಿತೆಂಬುದು ಇಷ್ಟು ನಿಚ್ಚಳವಾಗಿ ಕಾಣುವುದಿಲ್ಲ, ನಮಗಿದ್ದ ಆತಂಕ ಆಳದ್ದೇ ಆಗಿತ್ತು. ನರದ ಜೊತೆಯಲ್ಲೇ ಸಾಗುವ ರಕ್ತನಾಳವನ್ನು, ರಕ್ತದ ಹರಿವನ್ನು ತೋರಿಸುವ ಡಾಪ್ಲರಿನಲ್ಲಿ ಗುರುತಿಸಿಕೊಂಡು, ಸೂಜಿಯ ತುದಿಯನ್ನು ಉಬ್ಬಿನ ಪಕ್ಕಕ್ಕೆ ತಂದು ನಿಲ್ಲಿಸಿದೆ. 40 ಮಿ.ಗ್ರಾಂ. ಮೀಥೈಲ್‌ಪ್ರೆಡ್ನಿಸೊಲೋನ್ ಇರುವ 1 ಮಿ.ಲೀ. ಮದ್ದಿಗೆ ಅಡ್ರಿನಲಿನ್ ಬೆರೆಸದ ಶೇ. 2ರ ಲಿಗ್ನೋಕೇನ್ ಎಂಬ ಮರಗಟ್ಟಿಸುವ ಮದ್ದನ್ನು 1 ಮಿ.ಲೀ. ಸೇರಿಸಿ ನಿಧಾನವಾಗಿ ಬಿಟ್ಟೆ. ಮದ್ದು ನರದ ಸುತ್ತ ಕಪ್ಪು ಅಂಚಾಗಿ ಹರಡುವುದು ಕಂಡಿತು. ಅರ್ಧದಷ್ಟು ಕೊಟ್ಟಾಗ ಹರಿವು ಅಂಗಾಲಿನ ಕಡೆಗೆ ತಿರುಗುತ್ತಿರುವುದನ್ನು ನೋಡಿ ಸೂಜಿಯನ್ನು ಸ್ವಲ್ಪ ಹಿಂದಕ್ಕೆಳೆದು ಮೇಲ್ಮುಖ ಮಾಡಿ, ಉಳಿದದ್ದನ್ನು ನರದ ಮೇಲ್ಬದಿಗೂ ಬರ್ಸಾ ಚೀಲಕ್ಕೂ ಕೊಟ್ಟೆವು. ಪರದೆ ಇಲ್ಲದಿದ್ದರೆ ಆ ತಿರುವು ಕೈಗೆ ತಿಳಿಯುತ್ತಿರಲಿಲ್ಲ. ನರದೊಳಕ್ಕೆ ಚುಚ್ಚಬಾರದು, ಒತ್ತಲು ಬಿಗಿಯಾದರೆ ಅಥವಾ ರೋಗಿ ಬೆರಳಿಗೆ ಮಿಂಚು ಹೊಡೆಯಿತೆಂದು ಕೂಗಿದರೆ ತಕ್ಷಣ ಹಿಂದೆಗೆಯಬೇಕು. ಇಲ್ಲಿ ಹಾಗಾಗಲಿಲ್ಲ.

ಹದಿನೈದು ನಿಮಿಷಗಳ ಬಳಿಕ ಎದ್ದು ನಡೆದು, ನೆಲದ ಮೇಲೆ ಕುಕ್ಕರಗಾಲಲ್ಲಿ ಕೂರಲು ಹೇಳಿದೆ. ನೋವು ಪೂರ್ತಿ ಹೋಗಿತ್ತು, ಎರಡು ಬೆರಳು ಮರಗಟ್ಟಿದ್ದವು. ಈ ಮೊದಲ ಗಂಟೆಯ ಉಪಶಮನ ಲಿಗ್ನೋಕೇನಿನದು, ಚಿಕಿತ್ಸೆಯ ಫಲವಲ್ಲ. ಆದರೆ ನೋವಿನ ಮೂಲ ಆ ನರವೇ ಎಂಬುದಕ್ಕೆ ಅದಕ್ಕಿಂತ ಗಟ್ಟಿಯಾದ ಸಾಕ್ಷಿ ಸಿಗುವುದು ಕಷ್ಟ, ಆದ್ದರಿಂದ ಅದನ್ನು ಕೇಸ್ ಶೀಟಿನಲ್ಲಿ ಬರೆದಿಡುವುದು ಕಡ್ಡಾಯವಾಗಬೇಕು. ಒಂದೆರಡು ದಿನ ನೋವು ಕೆರಳಬಹುದು, ಮುಖ ಕೆಂಪಾಗಬಹುದು, ಸಕ್ಕರೆ ಒಂದು ವಾರದವರೆಗೆ ಏರಬಹುದು, ಜ್ವರ ಅಥವಾ ಊತ ಬಂದರೆ ಕಾಯದೆ ಬರಬೇಕು ಎಂದು ಸೊಸೆಗೆ ಬರೆದುಕೊಟ್ಟೆವು. ಮರಗಟ್ಟಿದ ಬೆರಳಿಗೆ ಮುಳ್ಳು ಚುಚ್ಚಿದರೂ ತಿಳಿಯದಾದ್ದರಿಂದ ಆ ದಿನ ತೋಟಕ್ಕೆ ಇಳಿಯಬಾರದೆಂದು ವಿಶೇಷವಾಗಿ ಹೇಳಿದೆ.

ಅನಂತರದ ಒಂದು ವರ್ಷ

ಮೂರನೆಯ ದಿನ ಊಟದ ನಂತರದ ಸಕ್ಕರೆ 260ರವರೆಗೆ ಏರಿ, ವಾರದ ಕೊನೆಗೆ ಮೊದಲಿನ ಮಟ್ಟಕ್ಕೆ ಇಳಿಯಿತು. ಮಾತ್ರೆಯ ಪ್ರಮಾಣ ಬದಲಿಸಬೇಕಾಗಲಿಲ್ಲ. ಎರಡು ವಾರಕ್ಕೆ ನೋವು ಮೂರಕ್ಕೆ, ಮೂರು ತಿಂಗಳಿಗೆ ಒಂದಕ್ಕೆ ಇಳಿದಿತ್ತು. ಪ್ರಿಗ್ಯಾಬಲಿನ್ ಅನ್ನು ಹಂತಹಂತವಾಗಿ ನಿಲ್ಲಿಸಿದೆವು, ಅದರ ಮಂಪರು ಹೋದದ್ದು ಅವರಿಗೆ ನೋವು ಹೋದಷ್ಟೇ ಸಮಾಧಾನ ಕೊಟ್ಟಿತು. ಪ್ರತಿ ಭೇಟಿಯಲ್ಲೂ ಅಂಗಾಲಿನ ಮೆತ್ತೆಯ ದಪ್ಪವನ್ನು ಅಲ್ಟ್ರಾಸೌಂಡಿನಲ್ಲಿ ಎಡಪಾದದೊಡನೆ ಹೋಲಿಸಿದೆವು. ವ್ಯತ್ಯಾಸ ಕಾಣಲಿಲ್ಲ, ಚರ್ಮದ ಬಣ್ಣವೂ ಬದಲಾಗಲಿಲ್ಲ.

ಒಂಬತ್ತನೆಯ ತಿಂಗಳಲ್ಲಿ, ಮುಂದಿನ ಬೆಳೆಯ ಹಣ್ಣು ಕೀಳುವಾಗ, ನೋವು ಹತ್ತರಲ್ಲಿ ನಾಲ್ಕರಷ್ಟು ಮರಳಿತು. ವಿಚಾರಿಸಿದಾಗ ಎಂಸಿಆರ್ ಚಪ್ಪಲಿಯನ್ನು ಊರಿಗೆ, ಆಸ್ಪತ್ರೆಗೆ ಹೋಗುವಾಗ ಮಾತ್ರ ಹಾಕಿಕೊಂಡು ತೋಟದಲ್ಲಿ ಹಳೆಯ ಹವಾಯಿ ಚಪ್ಪಲಿಯನ್ನೇ ಬಳಸುತ್ತಿದ್ದರೆಂದು ತಿಳಿಯಿತು. “ಒಳ್ಳೆ ಚಪ್ಪಲಿ ಕೆಸರಲ್ಲಿ ಯಾರಾದ್ರೂ ಹಾಕ್ತಾರಾ ಸಾರ್” ಎಂದರು. ಅವರ ಪ್ರಶ್ನೆ ನ್ಯಾಯವಾದದ್ದೇ. ನೋವು ಹುಟ್ಟುವ ಜಾಗದಲ್ಲಿ ಹಾಕಲಾಗದ ಚಪ್ಪಲಿಯನ್ನು ಬರೆದುಕೊಟ್ಟು ಪ್ರಯೋಜನವಿಲ್ಲ. ತೋಟಕ್ಕೆಂದೇ ತೊಳೆಯಲು ಬರುವ, ಹಿಂಬದಿಗೆ ಪಟ್ಟಿಯಿರುವ ಇನ್ನೊಂದು ಜೊತೆ ಮಾಡಿಸಿದೆವು. ಬುಡದ ಹಣ್ಣು ಕೀಳಲು ಗೇಣೆತ್ತರದ ಮರದ ಮಣೆಯನ್ನು ಮಗ ಮಾಡಿಕೊಟ್ಟರು. ಅದರ ಮೇಲೆ ಕೂತಾಗ ಹಿಮ್ಮಡಿ ನೆಲಕ್ಕೆ ತಾಗುತ್ತದೆ, ಬೆರಳ ಬುಡದ ಮೇಲಿನ ಭಾರ ಇಳಿಯುತ್ತದೆ.

ಇದಾದ ಒಂದು ತಿಂಗಳಿಗೆ ನೋವು ಮೂರಕ್ಕೆ ಇಳಿದರೂ ಅಲ್ಲೇ ನಿಂತಿತು. ಚಿತ್ರದಲ್ಲಿ ಉಬ್ಬಿನ ಗಾತ್ರ ಬದಲಾಗಿರಲಿಲ್ಲ, ಬರ್ಸಾದ ದ್ರವ ಮತ್ತೆ ಕಂಡಿತು. ಅದೇ ವಿಧಾನದಲ್ಲಿ ಎರಡನೆಯ ಮತ್ತು ಕೊನೆಯ ಚುಚ್ಚುಮದ್ದನ್ನು, ಈ ಸಲ 20 ಮಿ.ಗ್ರಾಂ. ಮಾತ್ರ, ಹೆಚ್ಚಿನ ಪಾಲು ಬರ್ಸಾದ ಕಡೆಗೆ ಹೋಗುವಂತೆ ಕೊಟ್ಟೆವು. ವರ್ಷದ ಕೊನೆಗೆ ನೋವು ಒಂದರಿಂದ ಎರಡರ ನಡುವೆ ಇದೆ, ಮಾತ್ರೆಗಳಿಲ್ಲ.

ಮೂರನೆಯ ಚುಚ್ಚುಮದ್ದು ಕೊಡುವುದಿಲ್ಲವೆಂದು ಅವರಿಗೂ ಮನೆಯವರಿಗೂ ಈಗಲೇ ತಿಳಿಸಿದ್ದೇನೆ. ಎರಡು ಸಲ ಕೊಟ್ಟ ಮೇಲೂ ನೋವು ಐದಕ್ಕೆ ಏರಿದರೆ ಮುಂದಿನ ದಾರಿ ಶಸ್ತ್ರಚಿಕಿತ್ಸೆ: ಅಡ್ಡ ಲಿಗಮೆಂಟನ್ನು ಬಿಡಿಸುವುದು ಅಥವಾ ದಪ್ಪಗಾದ ನರದ ತುಂಡನ್ನೇ ತೆಗೆಯುವುದು. ನರವನ್ನು ತೆಗೆದರೆ ಎರಡು ಬೆರಳುಗಳ ನಡುವಿನ ಸ್ಪರ್ಶಜ್ಞಾನ ಶಾಶ್ವತವಾಗಿ ಹೋಗುತ್ತದೆ, ಕೆಲವರಲ್ಲಿ ಕತ್ತರಿಸಿದ ತುದಿಯಲ್ಲೇ ಹೊಸ ನೋವಿನ ಗಂಟು ಹುಟ್ಟುತ್ತದೆ. ಇಂದು ಸ್ಪರ್ಶ ಸರಿಯಾಗಿದ್ದು ನಾಳೆ ಸಕ್ಕರೆಯಿಂದ ಕುಂದಬಹುದಾದ ಪಾದದಲ್ಲಿ ಆ ನಷ್ಟವನ್ನು ಹಗುರವಾಗಿ ಕಾಣಲಾಗದು. ಹಾಗೆ ಮಾಡಬೇಕಾಗಿ ಬಂದರೆ ಗಾಯ ಬೇಗ ಆರುವಂತೆ ಅಂಗಾಲನ್ನು ಮುಟ್ಟದೆ ಪಾದದ ಮೇಲ್ಭಾಗದಿಂದ ಕೊಯ್ಯಬೇಕೆಂದು ಮೂಳೆ ಶಸ್ತ್ರಚಿಕಿತ್ಸಕರೊಡನೆ ಮಾತಾಡಿ ಕಡತದಲ್ಲಿ ಬರೆದಿಟ್ಟಿದ್ದೇವೆ. ಸದ್ಯಕ್ಕೆ ಆಕೆ ಆರು ತಿಂಗಳಿಗೊಮ್ಮೆ ಪಾದಪರೀಕ್ಷೆಗೆ ಬರುತ್ತಾರೆ, ಪ್ರತಿ ಸಲವೂ ಮಾನೋಫಿಲಮೆಂಟ್ ಪರೀಕ್ಷೆ, ಬೆರಳ ಸಂದಿನ ಚರ್ಮ ಮತ್ತು ಮೆತ್ತೆಯ ದಪ್ಪ ಮೂರನ್ನೂ ನೋಡಿ ದಾಖಲಿಸುತ್ತೇವೆ.